ದಾಮನ್ ಬೆಟ್ಟದಲ್ಲಿ ಬ್ಯಾಟರಿಗೆ ರಜಾಯಿ

ಫರೀದಾಬಾದ್

ಗುಪ್ತಾಜಿಯನ್ನು ಬೈಯುವುದರಿಂದಲೇ ಶುರು ಮಾಡುತ್ತೇನೆ. ಅವರಿಗೆ ಕನ್ನಡ ಬರುವುದಿಲ್ಲ. ನನ್ನ ಧೈರ್ಯ ಅಷ್ಟೇ.

ಗುಪ್ತಾಜಿ ನಮ್ಮ ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲಿ ಬ್ಯಾಟರಿ ಸ್ಕೂಟರ್ ಜೋಡಿಸುವ ಶೆಡ್ಡು ಇಟ್ಟುಕೊಂಡಿದ್ದಾರೆ. ಸ್ಕೂಟರಿಗೆಂದು ಚೀನಾದಿಂದ ತರಿಸಿದ ಲಿಥಿಯಂ ಬ್ಯಾಟರಿಗಳು ರಾಶಿ ಬಿದ್ದಿದ್ದವು. ಸ್ಕೂಟರನ್ನು ಯಾರೂ ಕೊಳ್ಳಲಿಲ್ಲ. ಆ ಹೊತ್ತಿಗೆ ಸರಿಯಾಗಿ ಸಿಕ್ಕವನು ನಾನು.

ನಾನು ಗೇರ್ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದವನು. ಚೆನ್ನಾಗಿಯೇ ಕಾಣುವ ವಸ್ತುವನ್ನು ಅನುಮಾನದಿಂದ ನೋಡುವುದಕ್ಕೆ ಇಪ್ಪತ್ತೈದು ವರ್ಷದಿಂದ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಮನೆಯಲ್ಲೂ ಅದೇ ಚಾಳಿ. ಬೀಗ ಹಾಕಿ ಎರಡು ಸಲ ಎಳೆದು ನೋಡುತ್ತೇನೆ, ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಬಂದು ಮೂರನೇ ಸಲ ಎಳೆಯುತ್ತೇನೆ. ಇಂಥ ಮನುಷ್ಯ ಅಕ್ಕನ ಉಸಿರನ್ನು ಗುಪ್ತಾಜಿಯ ಕೈಗೆ ಒಪ್ಪಿಸಿದೆ.

ಅಕ್ಕ ಎಂದರೆ ಸರೋಜಕ್ಕ. ನನಗಿಂತ ಎಂಟು ವರ್ಷ ದೊಡ್ಡವಳು, ವಸಂತ್ ಕುಂಜ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬಳೇ ಇದ್ದಾಳೆ. ಮೂವತ್ತಾರು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಅಧಿಕಾರಿಗಳ ವಿದೇಶ ಪ್ರವಾಸದ ಫೈಲುಗಳೆಲ್ಲ ಅವಳ ಮೇಜಿನ ಮೂಲಕವೇ ಹೋಗಬೇಕಿತ್ತು. ಜಿನೀವಾದಲ್ಲಿ ಯಾವ ತಿಂಗಳು ಎಷ್ಟು ಚಳಿ ಎಂದು ಅವಳಿಗೆ ಗೊತ್ತು. ಅವಳು ಮಾತ್ರ ಬಸ್ ಬಿಟ್ಟು ಬೇರೆ ಯಾವುದನ್ನೂ ಹೆಚ್ಚು ಹತ್ತಿದವಳಲ್ಲ. ನಿವೃತ್ತಿಯ ಹೊತ್ತಿಗೆ, ಒಂದು ಬೀಡಿಯನ್ನೂ ಸೇದದ ಆ ಹೆಂಗಸಿನ ಶ್ವಾಸಕೋಶವನ್ನು ದೆಹಲಿಯ ಹೊಗೆ ತಿಂದು ಮುಗಿಸಿತ್ತು. ಸುತ್ತಲಿನ ಗಾಳಿಯಿಂದ ಆಮ್ಲಜನಕವನ್ನು ಹೆಕ್ಕಿ ಕೊಡುವ ಯಂತ್ರವೊಂದು ಈಗ ಅವಳ ಸಂಗಾತಿ. ರಾತ್ರಿಯಿಡೀ ಬೇಕು, ಹಗಲಲ್ಲೂ ನಾಲ್ಕು ಹೆಜ್ಜೆ ಇಟ್ಟರೆ ಬೇಕು. ಯಂತ್ರಕ್ಕೆ ಕರೆಂಟು ಬೇಕು.

ಎಂದೋ ಒಬ್ಬ ಅಧಿಕಾರಿ ನೇಪಾಳದಿಂದ ಬಂದು ಅವಳಿಗೆ ಹೇಳಿದ್ದನಂತೆ: "ಸರೋಜಾಜಿ, ದಾಮನ್ ಅಂತ ಒಂದು ಊರಿದೆ. ಒಂದು ಹೆಜ್ಜೆಯೂ ಹತ್ತಬೇಕಾಗಿಲ್ಲ. ಬೆಂಚಿನ ಮೇಲೆ ಕೂತರೆ ಹಿಮಾಲಯ ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತೆ." ಉಸಿರಿದ್ದ ಕಾಲದಲ್ಲಿ ಅವಳು ಅದನ್ನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಉಸಿರು ಹೋದ ಮೇಲೆ ಆ 'ಹತ್ತಬೇಕಾಗಿಲ್ಲ' ಎಂಬ ಮಾತು ಹಿಡಿದುಕೊಂಡಿತು. ನಾನು ಒಂದಿಬ್ಬರಲ್ಲಿ ವಿಚಾರಿಸಿದೆ. ಅವರು ಗುಜರಾತಿನ ಪಕ್ಕದ ಡಾಮನ್ ಎಂದುಕೊಂಡು, "ಅಚ್ಛಾ, ಅಲ್ಲಿ ಬಾಟ್ಲಿ ಚೀಪು" ಎಂದು ಕಣ್ಣು ಹೊಡೆದರು.

ಡಾಕ್ಟರು ಎರಡೇ ರಾತ್ರಿ ಎಂದರು. ಯಂತ್ರ ನಿಲ್ಲಕೂಡದು, ನಿಂತರೆ ತಕ್ಷಣ ಕೆಳಗಿಳಿಯಬೇಕು. ಆ ಚಳಿಗಾಲ ನೇಪಾಳದಲ್ಲಿ ದಿನದ ಬಹುಪಾಲು ಕರೆಂಟೇ ಇರಲಿಲ್ಲ. ಆದ್ದರಿಂದ ಹಳೆಯ ಟೆಂಪೊ ಒಂದಕ್ಕೆ ಮಂಚ, ಒಲೆ, ಇನ್ವರ್ಟರು, ನಾಲ್ಕು ಲಿಥಿಯಂ ಡಬ್ಬಿ ಕೂರಿಸಿ ಗುಪ್ತಾಜಿ 'ಮೋಟರ್ ಹೋಮ್' ಮಾಡಿಕೊಟ್ಟರು. ಅಕ್ಕ ಅದನ್ನು ಮನೆಗಾಡಿ ಎಂದು ಕರೆದಳು. ಎಲ್ಲ ಕೈಕೊಟ್ಟರೆ ಇರಲಿ ಎಂದು ಆಮ್ಲಜನಕದ ಒಂದು ಸಣ್ಣ ಸಿಲಿಂಡರನ್ನೂ ನಾನು ಇಟ್ಟುಕೊಂಡೆ.

"ಟೆನ್ಶನ್ ಮತ್ ಲೋ, ರಾವ್ ಸಾಬ್," ಅಂದರು ಗುಪ್ತಾಜಿ. "ಹಗುರ. ನೀರೂ ಹಾಕಬೇಕಿಲ್ಲ."

ಟೆನ್ಶನ್ ತೆಗೆದುಕೊಳ್ಳಬೇಡ ಎಂದು ನನಗೆ ಹೇಳುವುದೂ ಮೀನಿಗೆ ನೀರಲ್ಲಿ ಇಳಿಯಬೇಡ ಎನ್ನುವುದೂ ಒಂದೇ. ಹದಿನೈದು ವರ್ಷದಿಂದ ಭಾನುವಾರ ಭಾನುವಾರ ಮನೆಯ ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಕುಡಿಸಿ ಬೆಳೆಸಿದವನು ನಾನು. ಅಭ್ಯಾಸಬಲದಿಂದ ಎರಡು ಬಾಟಲಿ ತಂದಿಟ್ಟಿದ್ದೆ. ಅಕ್ಕ ಡಬ್ಬಿಗಳನ್ನು ತಿರುಗಿಸಿ ನೋಡಿ, "ಲೋ ರಘು, ಇದಕ್ಕೆ ಬಾಯೇ ಇಲ್ವಲ್ಲೋ, ಎಲ್ಲಿಗೆ ಹುಯ್ತೀಯಾ?" ಎಂದಳು.

ರಕ್ಸೌಲ್ ದಾಟಿ ಬೀರ್‌ಗಂಜ್

ಮೂರನೇ ದಿನ ಗಡಿ ಮುಟ್ಟಿದೆವು. ಗಾಡಿ ಓಡಿಸುತ್ತಿದ್ದವರು ಮಹೇಂದರ್, ಹರಿಯಾಣದವರು, ನನ್ನದೇ ವಯಸ್ಸು. ಅಕ್ಕನನ್ನು 'ಮಾತಾಜಿ' ಎನ್ನುತ್ತಿದ್ದರು. ಅಕ್ಕನಿಗೆ ಅದು ಹಿಡಿಸುತ್ತಿರಲಿಲ್ಲ. "ಇವನನ್ನು ನಾನು ಯಾವಾಗ ಹೆತ್ತೆ?" ಎಂದು ನನ್ನ ಹತ್ತಿರ ಕನ್ನಡದಲ್ಲಿ ಗೊಣಗುತ್ತಿದ್ದಳು.

ನೇಪಾಳದ ಕಸ್ಟಮ್ಸ್ ಅಧಿಕಾರಿ ಗಾಡಿಯೊಳಗೆ ಟಾರ್ಚು ಬಿಟ್ಟು ನೋಡಿದ. ನಾಲ್ಕು ಡಬ್ಬಿ ಕಂಡವು.

"ಇನ್ವರ್ಟರ್ ವ್ಯಾಪಾರವೋ?"

ಕತ್ತಲಲ್ಲಿ ಮುಳುಗಿದ ದೇಶಕ್ಕೆ ಬ್ಯಾಟರಿ ಹೊತ್ತು ಬಂದ ಇಬ್ಬರು ಗಂಡಸರನ್ನು ಇನ್ನೇನೆಂದು ತಿಳಿಯಬೇಕು? ನಾನು ವಿವರಿಸಲು ಹೋದೆ. ಹೆದರಿದಾಗ ನನ್ನ ಹಿಂದಿ ಬಹಳ ಶುದ್ಧವಾಗುತ್ತದೆ. ಶುದ್ಧ ಹಿಂದಿ ಕೇಳಿ ಅವನ ಅನುಮಾನ ಇನ್ನಷ್ಟು ಬಲಿಯಿತು. ಎರಡು ತಾಸು ಬಿಸಿಲಿನಲ್ಲಿ ನಿಲ್ಲಿಸಿದ.

ಅಷ್ಟರಲ್ಲಿ ಅಕ್ಕ ತನ್ನ ಹೊಸ ಪಾಸ್‌ಪೋರ್ಟ್ ಹಿಡಿದು ವಲಸೆ ಕಚೇರಿಯ ಕಿಟಕಿಗೆ ಹೋದಳು. ಅಲ್ಲಿದ್ದವನು ಅದನ್ನು ಮುಟ್ಟದೆ ನಕ್ಕ.

"ದೀದಿ, ಇಂಡಿಯಾದವರಿಗೆ ಠಸ್ಸೆ ಬೇಡ. ಇದು ನಿಮ್ಮದೇ ಮನೆ."

"ನನ್ನದೇ ಮನೆಗೆ ಬರೋಕೆ ನಾನು ಪೊಲೀಸ್ ವೆರಿಫಿಕೇಶನ್ ಮಾಡಿಸಿಕೊಂಡೆನಾ?" ಎಂದು ಅಕ್ಕ ಹಿಂದಿಯಲ್ಲಿ ಹರಿಹಾಯ್ದಳು. "ಎಷ್ಟು ಜನರ ಪಾಸ್‌ಪೋರ್ಟಿಗೆ ಠಸ್ಸೆ ಬೀಳೋಕೆ ನಾನು ನೋಟ್ ಬರೆದಿದೀನಿ ಗೊತ್ತಾ? ಹಾಕ್ರಿ!"

ಅವನು ಹಾಕಲಿಲ್ಲ. ಕೂಗಿದ ಶ್ರಮಕ್ಕೆ ಅಕ್ಕನ ತುಟಿ ನೀಲಿಯಾಯಿತು. ಗಾಡಿಯ ಮೆಟ್ಟಿಲ ಮೇಲೆ ಕೂತು ಮೂಗಿಗೆ ಟ್ಯೂಬು ಹಾಕಿಕೊಂಡಳು, ಯಂತ್ರ ಗುರುಗುಟ್ಟಿತು. ಕಸ್ಟಮ್ಸಿನವನು ಆ ಟ್ಯೂಬನ್ನು ಹಿಂಬಾಲಿಸಿ ಯಂತ್ರವನ್ನು, ಯಂತ್ರದ ವಯರನ್ನು, ವಯರಿನ ತುದಿಯ ಡಬ್ಬಿಗಳನ್ನು ನೋಡಿದ. ಗೇಟು ಎತ್ತಿಸಿದ.

ಬಿಟ್ಟರಲ್ಲ ಎಂದು ನನಗೆ ಸಮಾಧಾನ. ಅಕ್ಕನಿಗೆ ಬೆಟ್ಟದ ಬುಡದ ಹೇತೌಡಾ ಊರು ಬರುವವರೆಗೂ ಸಿಟ್ಟು. "ಪಾಪ ಅಂತ ಬಿಟ್ಟ ಅವನು. ಕಾಗದ ನೋಡಿ ಬಿಡಬೇಕಿತ್ತು."

ಬೆಟ್ಟ ಹತ್ತುವಾಗ

ಗಾಡಿ ಓಡುವಾಗಲೂ ಬ್ಯಾಟರಿ ತುಂಬುವಂತೆ ಗುಪ್ತಾಜಿ ಇಂಜಿನ್ನಿಗೆ ಇನ್ನೊಂದು ಡೈನಮೊ ಜೋಡಿಸಿದ್ದರು. ಬೆಟ್ಟದ ಮೂರನೆಯದೋ ನಾಲ್ಕನೆಯದೋ ಹೇರ್‌ಪಿನ್ ತಿರುವಿನಲ್ಲಿ ಪಟ್ ಎಂದಿತು. ಮಹೇಂದರ್ ಇಳಿದು ಬಾನೆಟ್ ಎತ್ತಿ, ಸತ್ತ ಹಾವಿನಂಥದ್ದನ್ನು ಹಿಡಿದು ಬಂದರು.

"ಬೆಲ್ಟ್ ಗಯೀ, ಸಾಬ್. ಗಾಡಿ ಓಡುತ್ತೆ. ಬ್ಯಾಟರಿ ತುಂಬಲ್ಲ."

ನಾನು ಗಾಬರಿಯಾಗಲಿಲ್ಲ. ಪ್ರಯಾಣಕ್ಕೆ ಮುಂಚೆ ಮೂರು ಹಾಳೆಯ ಪಟ್ಟಿ ಮಾಡಿ ಒಂದೊಂದಕ್ಕೂ ಟಿಕ್ ಹಾಕಿದ್ದವನು ನಾನು. 'ಹೆಚ್ಚುವರಿ ಬೆಲ್ಟ್: ಇದೆ.' ಟೂಲ್ ಬಾಕ್ಸ್ ತೆಗೆದೆ. ಬೆಲ್ಟ್ ಇತ್ತು. ಗುಪ್ತಾಜಿ ಇಟ್ಟಿದ್ದು ಸ್ಕೂಟರಿನದು. ಮಣಿಕಟ್ಟಿಗೆ ಹಾಕಿಕೊಳ್ಳಬಹುದಿತ್ತು.

ಗೇರಿನ ಹಲ್ಲಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಡಬ್ಬಿಗಟ್ಟಲೆ ಮಾಲು ವಾಪಸು ಕಳಿಸುವವನು ನಾನು. ಆ ಬೆಲ್ಟನ್ನು ಅಳೆದಿರಲಿಲ್ಲ. 'ಇದೆ' ಎಂದಷ್ಟೇ ನೋಡಿದ್ದೆ. ಗುಪ್ತಾಜಿಯ ತಾತ ಮುತ್ತಾತಂದಿರನ್ನೆಲ್ಲ ನೆನೆದು ಬೆಲ್ಟನ್ನು ಕಣಿವೆಗೆ ಎಸೆದೆ. ಎಸೆದ ಮೇಲೆ, ಕೆಳಗೆ ಯಾರ ತಲೆಯ ಮೇಲಾದರೂ ಬಿತ್ತೇ ಎಂದು ಬಗ್ಗಿ ನೋಡಿದೆ.

ದಾಮನ್, ಮೊದಲ ಬೆಳಿಗ್ಗೆ

ದಾಮನ್ ಎಂದರೆ ರಸ್ತೆಯ ಬದಿಗೆ ನಾಲ್ಕಾರು ಅಂಗಡಿ, ಒಂದೆರಡು ವಸತಿಗೃಹ. ನಾವು ಗಾಡಿ ನಿಲ್ಲಿಸಿದ್ದು ಒಬ್ಬ ಹೆಂಗಸಿನ ಹೋಟೆಲಿನ ಅಂಗಳದಲ್ಲಿ. ಎಲ್ಲರೂ ಅವಳನ್ನು ದೀದಿ ಎನ್ನುತ್ತಿದ್ದರು. ಅಂಗಳದ ಅಂಚಿನಲ್ಲಿ ಕಣಿವೆಯ ಕಡೆ ಮುಖ ಮಾಡಿದ ಒಂದು ಬೆಂಚು. ಅದೇ ಆ ಅಧಿಕಾರಿ ಹೇಳಿದ ಬೆಂಚೋ ಅಲ್ಲವೋ, ಅಕ್ಕ ಅದೇ ಎಂದು ತೀರ್ಮಾನಿಸಿಬಿಟ್ಟಳು.

ಅಡುಗೆಮನೆಯ ಗೋಡೆಗೆ, ದೇವರ ಪಟದ ಪಕ್ಕದಲ್ಲಿ, ಕರೆಂಟಿನ ವೇಳಾಪಟ್ಟಿ ಅಂಟಿಸಿತ್ತು. ದೀದಿ ಎರಡಕ್ಕೂ ಸೇರಿಸಿಯೇ ಕೈ ಮುಗಿಯುತ್ತಿದ್ದಳು. ಆ ವಾರ ಅವರ ಪಾಲಿಗೆ ನಸುಕಿನ ಐದರಿಂದ ಎಂಟು, ಸಂಜೆ ಐದರಿಂದ ಎಂಟು. ಉಳಿದ ಹೊತ್ತು ಏನೂ ಇಲ್ಲ.

ನಾವು ತಲುಪುವ ಹೊತ್ತಿಗೆ ಸಂಜೆಯ ಕರೆಂಟು ಹೋಗಿಬಿಟ್ಟಿತ್ತು, ರಾತ್ರಿ ಯಂತ್ರ ಓಡಿ ಬ್ಯಾಟರಿ ಕಾಲು ಭಾಗಕ್ಕೆ ಇಳಿದಿತ್ತು. ಐದಕ್ಕೆ ದೀದಿ ಕೂಗಿದಳು: "ಬತ್ತಿ ಆಯೋ!"

ಆ ಕೂಗಿಗೆ ಅರ್ಥ ಬೇಕಾಗಲಿಲ್ಲ. ನಮ್ಮ ಸೆಕ್ಟರಿನಲ್ಲಿ "ಲೈಟ್ ಆ ಗಯೀ" ಎಂದಾಗ ಆಗುವುದೇ ನನಗೆ ಆಗ ಆಯಿತು. ಫರೀದಾಬಾದಿನವರಿಗೆ ಕರೆಂಟು ಬಂತೆಂದರೆ ಯೋಚನೆ ನಿಂತು ಕೈ ಓಡುತ್ತದೆ. ಮೋಟರು, ಗೀಸರು, ಮೊಬೈಲು, ಇಸ್ತ್ರಿಪೆಟ್ಟಿಗೆ, ಎಲ್ಲ ಒಟ್ಟಿಗೆ. ಈಗ ಬಿಟ್ಟರೆ ಮತ್ತೆ ಸಿಗದು ಎಂಬುದೊಂದೇ ನಮ್ಮ ವಿಜ್ಞಾನ. ಹಲ್ಲು ಕಟಕಟಿಸುತ್ತ ಓಡಿ ಗಾಡಿಯ ಪ್ಲಗ್ಗನ್ನು ದೀದಿಯ ಗೋಡೆಗೆ ಚುಚ್ಚಿದೆ. ಚಾರ್ಜರಿನಲ್ಲಿ ಕಿತ್ತಳೆ ದೀಪ ಹತ್ತಬೇಕಿತ್ತು. ಕೆಂಪು ಹತ್ತಿತು. ತೆಗೆದು ಹಾಕಿದೆ. ಕೆಂಪು.

ಹೊರಗೆ ಬೆಳಕಾಯಿತು. ಕಣಿವೆಯ ತುಂಬ ಮೋಡ. ಬೆಂಚಿನ ಮುಂದೆ ಬಿಳಿ ಗೋಡೆ. ಅಕ್ಕ ಶಾಲು ಹೊದ್ದು ಕೂತು ಕಾದಳು, ಏನೂ ಕಾಣಲಿಲ್ಲ. ಕೆಂಪು ದೀಪವನ್ನು ಮತ್ತೆ ನೋಡಿ, ಪಕ್ಕದ ಅಂಗಡಿಯ ಫೋನಿನಿಂದ ಫರೀದಾಬಾದಿಗೆ ಮಾಡಿದೆ. ಗುಪ್ತಾಜಿ ಹಾಸಿಗೆಯಿಂದಲೇ ಮಾತಾಡಿದರು.

"ಕೆಂಪು? ಅಚ್ಛಾ. ಡಬ್ಬಿಯಿಂದ ಒಂದು ಹಳದಿ ವಯರು ಬಂದಿದೆಯಲ್ಲ, ಅದನ್ನು ಕಿತ್ತು ಎರಡು ತುದಿ ಸೇರಿಸಿಬಿಡಿ. ಚಲೋ ಆಗುತ್ತೆ."

"ಆ ವಯರು ಏನಕ್ಕೆ?"

"ಅರೆ, ಏನೋ ಸೇಫ್ಟಿ. ಚೀನಾದವರದು. ನಮ್ಮ ಕಡೆ ಬೇಕಾಗಲ್ಲ."

ಇಪ್ಪತ್ತೈದು ವರ್ಷದಲ್ಲಿ ಯಾವನಾದರೂ ಕಾರ್ಮಿಕ ನನ್ನೆದುರು ಈ ಮಾತು ಹೇಳಿದ್ದರೆ ಮೆಮೊ ಕೊಡುತ್ತಿದ್ದೆ. ಆದರೆ ಗಂಟೆ ಏಳಾಗಿತ್ತು, ಎಂಟಕ್ಕೆ ಕರೆಂಟು ಹೋಗುತ್ತಿತ್ತು. ಹಳದಿ ವಯರು ಕಿತ್ತೆ. ತುದಿ ಸೇರಿಸಿದೆ. ಕಿತ್ತಳೆ ದೀಪ ಹತ್ತಿತು. ಬಾಳಿನಲ್ಲಿ ಮೊದಲ ಸಲ ನಿಯಮ ಮುರಿದೆ, ಮುರಿದ ಕೂಡಲೇ ಫಲ ಸಿಕ್ಕಿತು. ಹಿಗ್ಗಿ ಹೋದೆ. ಚಹಾ ಕುಡಿದೆ. ದೀದಿಗೂ ಒಂದು ಕೊಡಲು ಹೇಳಿದೆ, ಅವಳದೇ ಅಂಗಡಿಯಲ್ಲಿ.

ಆಮೇಲೆ ಸುಮ್ಮನೆ ಡಬ್ಬಿಯ ಮೇಲೆ ಕೈಯಿಟ್ಟೆ. ಮಂಜುಗಡ್ಡೆ ಮುಟ್ಟಿದಂತಾಯಿತು. ಗಾಡಿಯ ತಳದ ತಗಡಿನ ಮೇಲೆ ರಾತ್ರಿಯೆಲ್ಲ ಕೂತಿದ್ದವಲ್ಲ. ಆಗ ಬ್ಯಾಟರಿಯ ಜೊತೆ ಬಂದಿದ್ದ ಕೈಪಿಡಿಯ ಒಂದು ಚಿತ್ರ ನೆನಪಿಗೆ ಬಂತು: ಹಿಮದ ಹರಳು, ಅದರ ಮೇಲೆ ಅಡ್ಡಗೆರೆ. ನಮ್ಮ ಸೆಕ್ಟರಿನಲ್ಲಿ ಟಾರ್ಚಿನ ಸೆಲ್ಲುಗಳನ್ನು ಫ್ರಿಜ್ಜಿನಲ್ಲಿಡುವವರು ಬಹಳ, ಹೆಚ್ಚು ದಿನ ಬಾಳುತ್ತವಂತೆ. ನಮ್ಮ ಮನೆಯಲ್ಲೂ ಬೆಣ್ಣೆಯ ಪಕ್ಕದಲ್ಲಿ ನಾಲ್ಕು ಇವೆ. ಹಾಗಾಗಿ ಆ ಚಿತ್ರವನ್ನು ನಾನು 'ಫ್ರಿಜ್ಜಿನಲ್ಲಿಡಬೇಡಿ' ಎಂದು ಓದಿಕೊಂಡಿದ್ದೆ. ಯಾರಿಡುತ್ತಾರೆ ಇಷ್ಟು ದೊಡ್ಡದನ್ನು ಎಂದು ನಕ್ಕೂ ಇದ್ದೆ.

ಓಡಿ ಪ್ಲಗ್ಗು ಕಿತ್ತೆ. ಕೈಪಿಡಿಯ ಮುರುಕು ಇಂಗ್ಲಿಷನ್ನು ಬಿಡಿಸಿ ಓದಿದೆ. ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ ಈ ಬ್ಯಾಟರಿ ಕರೆಂಟು ಕೊಡುತ್ತದೆ, ತೆಗೆದುಕೊಳ್ಳುವುದಿಲ್ಲ. ಬಲವಂತವಾಗಿ ತುಂಬಿದರೆ ಒಳಗೆ ಕೆಡುತ್ತದೆ, ಕೆಟ್ಟದ್ದು ಹೊರಗೆ ಕಾಣುವುದಿಲ್ಲ. ಕೆಂಪು ದೀಪ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಆ ಹತ್ತು ಹನ್ನೆರಡು ನಿಮಿಷದಲ್ಲಿ ನಾನು ಏನು ಹಾಳು ಮಾಡಿದೆನೋ ಆ ಡಬ್ಬಿಗಳಿಗೇ ಗೊತ್ತು.

"ಕೊಡುತ್ತೆ, ತಗೊಳಲ್ಲ," ಎಂದಳು ಅಕ್ಕ, ಎಲ್ಲ ಕೇಳಿ. "ನಮ್ಮಮ್ಮನ ಥರ."

ಈ ಊರಲ್ಲಿ ಕರೆಂಟು ಬರುವುದು ನಸುಕಿನಲ್ಲಿ ಮತ್ತು ಸಂಜೆ, ಎರಡೂ ಕೊರೆಯುವ ಚಳಿಯ ಹೊತ್ತು. ಬ್ಯಾಟರಿ ಕರೆಂಟು ತೆಗೆದುಕೊಳ್ಳದ ಹೊತ್ತೂ ಅದೇ. ಗುಪ್ತಾಜಿ, ನೇಪಾಳ ಸರ್ಕಾರ, ಚೀನಾ, ಚಳಿ, ನಾನು, ಎಲ್ಲ ಸೇರಿ ಮಾಡಿದ ಏರ್ಪಾಡು ಅದು.

ಅದೇ ದಿನ, ದೀದಿಯ ಅಡುಗೆಮನೆ

"ಮಧ್ಯಾಹ್ನದೊಳಗೆ ಇಳಿದುಬಿಡೋಣ," ಎಂದೆ.

"ಇಲ್ಲ."

"ಅಕ್ಕ, ರಾತ್ರಿಗೆ ಬ್ಯಾಟರಿ ಸಾಲಲ್ಲ. ಡಾಕ್ಟ್ರು ಏನು ಹೇಳಿದ್ರು?"

"ಎರಡು ರಾತ್ರಿ ಅಂದ್ರು. ಒಂದೇ ಆಗಿರೋದು."

"ಮೋಡ ಬಿಡದೇ ಇದ್ರೆ?"

"ಬಿಡದೇ ಇದ್ರೆ ಮೋಡ ನೋಡ್ಕೊಂಡು ಬರ್ತೀನಿ. ನೀನು ಮೊದಲು ಆ ಮುಖ ಸರಿ ಮಾಡ್ಕೋ. ನಾನು ಸಾಯೋ ಮುಂಚೆ ನೀನೇ ಸತ್ತಿರೋ ಹಾಗಿದೆ."

ನಾನು ಕೂಗಾಡಿದೆ. ನಿನ್ನ ಹಟಕ್ಕೆ ನಾನು ಉತ್ತರ ಕೊಡಬೇಕಾಗುತ್ತದೆ ಎಂದೆ. ಯಾರಿಗೆ ಎಂದು ಕೇಳಿದಳು. ನಮ್ಮಿಬ್ಬರನ್ನು ಬಿಟ್ಟರೆ ನಮಗೆ ಇನ್ನು ಯಾರೂ ಇಲ್ಲ. ಮಹೇಂದರ್ ದೂರ ಹೋಗಿ ಟೈರಿನ ಗಾಳಿ ನೋಡಿದರು. ಚಾಲಕರಿಗೆ ಈ ಸೌಲಭ್ಯವಿದೆ.

ಸಿಟ್ಟಿನಲ್ಲಿ ಅಕ್ಕ ಅಡುಗೆಮನೆಗೆ ಹೋಗಿ ಒಲೆಯ ಬಳಿ ಕೂತಳು. ಅಲ್ಲಿ ಮೂಲೆಯಲ್ಲಿ ಹಳೆಯ ಕಂಬಳಿ ಸುತ್ತಿದ ಒಂದು ಗಡಿಗೆ. ಮಗುವೇನೋ ಎಂಬಂತೆ ದೀದಿ ಅದರ ಕುತ್ತಿಗೆಗೆ ಬಟ್ಟೆ ಬಿಗಿಯುತ್ತಿದ್ದಳು.

"ಇದೇನು?"

"ಜಾಂಡ್," ಎಂದಳು ದೀದಿ. ರಾಗಿಯಂಥ ಕಾಳಿನ ಹುಳಿಗಳ್ಳು. "ಚಳಿಗೆ ಹುಳಿ ಬರಲ್ಲ. ಹೊದಿಸಬೇಕು."

ಅಕ್ಕ ನನ್ನ ಕಡೆ ತಿರುಗಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಜನವರಿಯಲ್ಲಿ ದೆಹಲಿಯ ಕನ್ನಡದ ಮನೆಗಳಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಪಾತ್ರೆಯನ್ನು ಹತ್ತಿ ತುಂಬಿದ ದಪ್ಪ ಹೊದಿಕೆಯ, ರಜಾಯಿಯ, ಒಳಗೆ ಮಲಗಿಸುತ್ತೇವೆ. ನಮ್ಮ ಮನೆಗಳಿಗೆ ಚಳಿಗಾಲದಲ್ಲಿ ಬಂದ ನೆಂಟರು ಮಂಚದ ಮೇಲೆ ಜೋಪಾನವಾಗಿ ಕೂರಬೇಕು.

"ಲೋ, ಎಂಜಿನಿಯರ್ರೇ," ಎಂದಳು ಅಕ್ಕ, ಉಸಿರು ತೆಗೆದುಕೊಂಡು. "ಹಿಟ್ಟಿಗೆ ಗೊತ್ತಿರೋದು ನಿನ್ನ ಬ್ಯಾಟರಿಗೆ ಗೊತ್ತಿರಲ್ವಾ? ತಗೊಂಡು ಬಾ ಒಳಗೆ."

ಡಬ್ಬಿಗಳು ಹಗುರ ಎಂದು ಗುಪ್ತಾಜಿ ಹೇಳಿದ್ದು ಮಾತ್ರ ನಿಜ. ಮಹೇಂದರ್ ಎರಡು, ನಾನು ಎರಡು ಹೊತ್ತು ತಂದೆವು. ಹಳದಿ ವಯರನ್ನು ಮೊದಲಿನಂತೆ ಕಟ್ಟಿದೆ. ಒಲೆಗೆ ತೀರ ಹತ್ತಿರ ಬೇಡ, ದೂರವೂ ಬೇಡ ಎಂದು ಗಡಿಗೆಯ ಪಕ್ಕದಲ್ಲಿ ದೀದಿ ಜಾಗ ತೋರಿಸಿದಳು. ಅಕ್ಕ ತನ್ನ ರಜಾಯಿಯನ್ನೇ ಹೊದಿಸಿದಳು. ಹಗಲೆಲ್ಲ ಆ ಅಡುಗೆಮನೆಗೆ ಬಂದ ಲಾರಿಯವರು, ಕೋಸು ಬೆಳೆಯುವವರು ರಜಾಯಿ ಎತ್ತಿ ನೋಡಿ, ಕಳ್ಳು ಇಲ್ಲದ್ದಕ್ಕೆ ಬೇಜಾರಾಗಿ ಮತ್ತೆ ಹೊದಿಸಿ ಹೋದರು. ಅಷ್ಟು ಸಿಂಗರಿಸಿದ ನಮ್ಮ ಮನೆಗಾಡಿ ಹೊರಗೆ ಬರಿದಾಗಿ ನಿಂತಿತ್ತು. ಅಕ್ಕ ಸಣ್ಣ ಸಿಲಿಂಡರಿನಿಂದ ಉಸಿರನ್ನು ಸ್ವಲ್ಪ ಸ್ವಲ್ಪವೇ ತೆಗೆದುಕೊಂಡು, ಅಲುಗದೆ, ಮಾತಾಡದೆ ಆ ದಿನ ಕಳೆದಳು. ಅಲುಗದೇ ಇರುವುದಕ್ಕಿಂತ ಮಾತಾಡದೇ ಇರುವುದು ಅವಳಿಗೆ ಕಷ್ಟ.

ಐದಕ್ಕೆ "ಬತ್ತಿ ಆಯೋ." ಪ್ಲಗ್ಗು ಹಾಕಿದೆ. ಕಿತ್ತಳೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ದೀದಿ ಮಾತ್ರ ತನ್ನ ಗಡಿಗೆಯನ್ನು ಇನ್ನಷ್ಟು ಸುತ್ತಿ ಬಿಗಿದಳು.

ದಾಮನ್, ಎರಡನೇ ಬೆಳಿಗ್ಗೆ

ರಾತ್ರಿ ಅಕ್ಕ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಯಂತ್ರದೊಂದಿಗೆ ಮಲಗಿದಳು. ಬ್ಯಾಟರಿ ಬೆಳಗಿನವರೆಗೂ ಎಳೆಯಿತು. ಇಳಿಯುವ ದಾರಿಗೆ ಬೇಕಲ್ಲ ಎಂದು ನಸುಕಿನ ಕರೆಂಟಿನಲ್ಲಿ ಮತ್ತೆ ಚಾರ್ಜಿಗೆ ಹಾಕಿದೆ. ಬೆಚ್ಚಗಿದ್ದ ಡಬ್ಬಿಗಳು ಸುಮ್ಮನೆ ತೆಗೆದುಕೊಂಡವು. ಆದರೆ ಆ ಊರಿನ ವೋಲ್ಟೇಜು ಏರುತ್ತಿತ್ತು, ಬೀಳುತ್ತಿತ್ತು. ಬಿದ್ದಾಗೆಲ್ಲ ಚಾರ್ಜರು ನಿಲ್ಲುತ್ತಿತ್ತು, ನಾನು ಗುಂಡಿ ಒತ್ತಿ ಎಬ್ಬಿಸುತ್ತಿದ್ದೆ.

"ನಾನು ಬೆಂಚಿಗೆ ಹೋಗಿರ್ತೀನಿ," ಎಂದಳು ಅಕ್ಕ. "ಹತ್ತು ಹೆಜ್ಜೆ. ಟ್ಯೂಬ್ ಬೇಡ. ನೀನೂ ಬಾ."

"ಬರ್ತೀನಿ, ಇದೊಂದು ನಿಲ್ಲಲಿ."

ಅವಳು ಹೋದಳು. ಕಿಟಕಿಯ ಗಾಜಿನ ತುಂಬ ಹೊಗೆಯ ಮಸಿ, ಹೊರಗೆ ಏನೂ ಕಾಣುತ್ತಿರಲಿಲ್ಲ. ದೀದಿ ಹಾಲು ತರಲು ಹೋಗಿದ್ದಳು. ಮಹೇಂದರ್ ರಸ್ತೆಯಲ್ಲಿ ಚಳಿಗೆ ಮರಗಟ್ಟಿದ ಇಂಜಿನ್ನನ್ನು ಎಬ್ಬಿಸುತ್ತಿದ್ದರು, ಅದು ಕೆಮ್ಮುತ್ತ ಆರ್ಭಟಿಸುತ್ತಿತ್ತು. ಚಾರ್ಜರು ನಿಂತಿತು, ಒತ್ತಿದೆ. ನಿಂತಿತು, ಒತ್ತಿದೆ. ಇನ್ನೊಂದು ಐದು ನಿಮಿಷ ಎಂದುಕೊಂಡೆ. ಇಳಿಯುವಾಗ ದಾರಿಯಲ್ಲಿ ಗಾಡಿ ಕೆಟ್ಟರೆ, ಯಂತ್ರ ನಿಂತರೆ, ಸಿಲಿಂಡರು ಮುಗಿದರೆ ಎಂದು ಒಂದೊಂದಾಗಿ ಎಣಿಸುತ್ತ ಒತ್ತುತ್ತಿದ್ದೆ. ಕ್ಯಾಮೆರಾ ನನ್ನ ಕೊರಳಲ್ಲೇ ಇತ್ತು.

ಹೊರಗೆ ಬಂದಾಗ ಕಣಿವೆಯ ಮೇಲೆ ಬೂದು ಮೋಡ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಎಡಗಡೆ ದೂರದಲ್ಲಿ, ಮೋಡದ ಅಂಚಿಗೆ, ಹರಿದ ಕಾಗದದಷ್ಟು ಬಿಳುಪು ಕಂಡಂತಾಯಿತು. ಅದು ಹಿಮವೋ ಮೋಡವೋ ನಾನು ಹೇಳಲಾರೆ. ಕ್ಯಾಮೆರಾ ಎತ್ತುವಷ್ಟರಲ್ಲಿ ಅದೂ ಇರಲಿಲ್ಲ.

ಅಕ್ಕ ಬೆಂಚಿನ ಮೇಲೆ ಎರಡೂ ಕೈ ಮಂಡಿಯ ಮೇಲೂರಿ ಕೂತಿದ್ದಳು.

"ಕಾಣಿಸ್ತಾ?"

ಹೌದೆಂದು ತಲೆಯಾಡಿಸಿದಳು.

"ಪೂರ್ತಿ?"

ಕೈಯೆತ್ತಿ ಈ ತುದಿಯಿಂದ ಆ ತುದಿಗೆ ಎಳೆದು ತೋರಿಸಿದಳು.

ನನಗೆ ತಲೆ ಕೆಟ್ಟುಹೋಯಿತು. ಮೂರು ದಿನದ ದಾರಿ, ಬೆಲ್ಟು, ಕಸ್ಟಮ್ಸು, ಹಳದಿ ವಯರು, ಎಲ್ಲದರ ಸಿಟ್ಟೂ ಅವಳ ಮೇಲೆ ತಿರುಗಿತು. "ಕೂಗಬಾರದಿತ್ತಾ?" ಎಂದು ಅರಚಿದೆ. "ಅಲ್ಲೇ ಇದ್ನಲ್ಲ ನಾನು, ಹತ್ತು ಹೆಜ್ಜೆ! ಒಂದು ಮಾತು ಕೂಗೋಕೆ ಆಗ್ಲಿಲ್ವಾ ನಿಂಗೆ?"

ಅವಳು ಸ್ವಲ್ಪ ತಾಳು ಎಂಬಂತೆ ಅಂಗೈ ತೋರಿಸಿದಳು. ಒಂದು ಉಸಿರು ತೆಗೆದುಕೊಂಡಳು. ಇನ್ನೊಂದು.

"ಕೂಗಿದೆ ಕಣೋ. ಎರಡು ಸಲ. ತುಟಿಯಿಂದ ಆಚೆ ಹೋಗ್ಲಿಲ್ಲ."

ಮತ್ತೊಂದು ಉಸಿರು.

"ಕೂಗಿದ್ರೆ ಕಣ್ಣು ಕತ್ತಲೆ ಬರ್ತಿತ್ತು. ಎರಡರಲ್ಲಿ ಒಂದು ಮಾಡಬೇಕಿತ್ತು. ನೋಡಿದೆ."